ಅಚ್ಚುಕೂಟ, ಬಣ್ಣ, ಬಾಲವನ: ಮಕ್ಕಳ ಲೋಕದ ಶಿವರಾಮ ಕಾರಂತ

ಕೋಟ ಶಿವರಾಮ ಕಾರಂತ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಕಾದಂಬರಿಗಳು. ಅವುಗಳ ಬೆನ್ನಿಗೆ ಯಕ್ಷಗಾನ, ಜ್ಞಾನಪೀಠ ಪ್ರಶಸ್ತಿ, ಪರಿಸರ ಹೋರಾಟ. ಈ ದೊಡ್ಡ ಕೀರ್ತಿಯ ನೆರಳಿನಲ್ಲಿ ಅವರ ಬದುಕಿನ ಇನ್ನೊಂದು ಅಧ್ಯಾಯ ಬಹುಮಟ್ಟಿಗೆ ಮರೆಯಾಗಿದೆ. ಎಳೆಯ ಮಕ್ಕಳ ಕಣ್ಣು ಮತ್ತು ಕೈಗಳನ್ನು ಪಳಗಿಸುವ ಶಿಕ್ಷಣಕ್ಕಾಗಿ ಅವರು ತಮ್ಮ ಯೌವನದ ಉತ್ತಮ ವರ್ಷಗಳನ್ನೂ ಕೈಯಲ್ಲಿದ್ದ ಹಣವನ್ನೂ ಧಾರೆಯೆರೆದರು. ಮಕ್ಕಳಿಗೆ ಆಟ, ಕುಣಿತ, ಬಣ್ಣಗಳ ತಾಣವನ್ನು ಕಟ್ಟಿದರು. ಚಿತ್ರಗಳಿರುವ ಜ್ಞಾನಕೋಶವನ್ನು ರಚಿಸಿದರು. ಅಚ್ಚುಕೂಟವನ್ನು ನಡೆಸಿ ನಷ್ಟ ಅನುಭವಿಸಿದರು. ಚಿತ್ರ, ಅಚ್ಚು ಮತ್ತು ಮಗು ಎಂಬ ಈ ಮೂರರ ಸುತ್ತ ನೋಡಿದಾಗ ಕಾರಂತರ ಜೀವನ ಬೇರೆಯೇ ಆಗಿ ತೋರುತ್ತದೆ.

ಕೋಟದ ಬಾಲ್ಯ

ಕಾರಂತರು ಜನಿಸಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಆಗ ಆ ಪ್ರದೇಶ ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಗದ್ದೆ, ತೋಟ, ದೇವಸ್ಥಾನದ ಕೆರೆ. ಸುಗ್ಗಿಯ ಬಳಿಕ ಗದ್ದೆಬಯಲಿನಲ್ಲಿ ರಾತ್ರಿಯಿಡೀ ಯಕ್ಷಗಾನ ಬಯಲಾಟ. ದೀವಟಿಗೆಯ ಬೆಳಕಿನಲ್ಲಿ ಮಿಂಚುವ ಕೇದಗೆ ಮುಂದಲೆ, ಕೆಂಪು ಕಪ್ಪು ಹಳದಿಗಳ ಮುಖವರ್ಣಿಕೆ, ಚೆಂಡೆಯ ಸದ್ದು ಇವೆಲ್ಲ ಆ ಊರಿನ ಮಕ್ಕಳಿಗೆ ಪಾಠಶಾಲೆಗಿಂತ ಮೊದಲು ದೊರೆಯುತ್ತಿದ್ದ ಕಲಾಶಿಕ್ಷಣ.

ಕರಾವಳಿಯ ಮಕ್ಕಳಿಗೆ ಅಚ್ಚಿನ ಕಲೆಯೂ ಹೊಸದಾಗಿರಲಿಲ್ಲ. ದೀಪಾವಳಿಯ ಗೋಪೂಜೆಯಂದು ದನಗಳ ಮೈತೊಳೆದು, ಜೇಡಿ ಮತ್ತು ಕೆಮ್ಮಣ್ಣನ್ನು ಕದಡಿ, ಗೆರಟೆಯ ಇಲ್ಲವೇ ಲೋಟದ ಅಂಚನ್ನು ಅದರಲ್ಲಿ ಅದ್ದಿ ಅವುಗಳ ಮೈಮೇಲೆ ವೃತ್ತಗಳನ್ನು ಒತ್ತುವ ರೂಢಿ ಅಲ್ಲಿದೆ. ಒಂದೇ ವಸ್ತುವಿನಿಂದ ಒಂದೇ ಆಕಾರವನ್ನು ಮತ್ತೆ ಮತ್ತೆ ಮೂಡಿಸಬಹುದು ಎಂಬ ಮುದ್ರಣದ ಮೂಲತತ್ತ್ವವನ್ನು ಮಕ್ಕಳು ಕೊಟ್ಟಿಗೆಯಲ್ಲಿಯೇ ಕಲಿಯುತ್ತಿದ್ದರು. ಶಾಲೆಯೊಳಗೆ ಕಾಲಿಟ್ಟಾಗ ಮಾತ್ರ ಈ ಸಂಪತ್ತಿಗೆ ಬೆಲೆ ಇರಲಿಲ್ಲ. ಅಲ್ಲಿ ಬಾಯಿಪಾಠ, ಮಗ್ಗಿ, ಬೆತ್ತ. ಹೊರಗಿನ ಬದುಕಿಗೂ ಒಳಗಿನ ಪಾಠಕ್ಕೂ ಸಂಬಂಧವಿಲ್ಲದ ದಿನಚರಿ. ಆ ಅಂತರವನ್ನು ಮುಚ್ಚುವ ಹಂಬಲ ಮುಂದೆ ಕಾರಂತರ ಎಲ್ಲ ಶಿಕ್ಷಣ ಪ್ರಯೋಗಗಳಲ್ಲೂ ಕಾಣಿಸಿಕೊಂಡಿತು.

1920ರ ದಶಕದ ಆರಂಭದಲ್ಲಿ ಮಂಗಳೂರಿನ ಕಾಲೇಜಿನಲ್ಲಿದ್ದಾಗ ಗಾಂಧೀಜಿಯವರ ಅಸಹಕಾರದ ಕರೆ ಕೇಳಿಬಂತು. ತರುಣ ಕಾರಂತರು ಓದನ್ನು ಅರ್ಧಕ್ಕೆ ಬಿಟ್ಟು ಹೊರಬಂದರು. ಖಾದಿ ಮತ್ತು ಸ್ವದೇಶಿ ಪ್ರಚಾರ, ಸಮಾಜ ಸುಧಾರಣೆಯ ಕೆಲಸ, ವಸಂತ ಎಂಬ ಮಾಸಪತ್ರಿಕೆಯ ಸಂಪಾದನೆ ಒಂದರ ಹಿಂದೊಂದು ಬಂದವು. ಪದವಿಯ ಆಸರೆಯಿಲ್ಲದೆ, ಬೇಕಾದುದನ್ನು ತಾವೇ ಓದಿ, ನೋಡಿ, ಮಾಡಿ ಕಲಿಯುವ ಅಭ್ಯಾಸ ಅವರಿಗೆ ಆಗ ಅಂಟಿಕೊಂಡಿತು. ಕೊನೆಯವರೆಗೂ ಅದು ಬಿಡಲಿಲ್ಲ.

ಪುತ್ತೂರಿನ ದಾರಿ

ಕಾರಂತರು ನೆಲೆಯಾಗಿ ನಿಂತದ್ದು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ. ಸಹಕಾರಿ ಚಳವಳಿಯ ಹಿರಿಯರೂ ಶಿಕ್ಷಣಪ್ರೇಮಿಯೂ ಆಗಿದ್ದ ಮೊಳಹಳ್ಳಿ ಶಿವರಾಯರು ಅಲ್ಲಿ ಅವರಿಗೆ ಬೆಂಬಲವಾಗಿ ನಿಂತರು. ಪುತ್ತೂರಿನ ದಸರಾ ನಾಡಹಬ್ಬ ಈ ಇಬ್ಬರ ಉತ್ಸಾಹದಿಂದ ಬೆಳೆಯಿತು. ಸಾಹಿತಿಗಳ ಉಪನ್ಯಾಸಗಳ ಜೊತೆಗೆ ಮಕ್ಕಳ ನಾಟಕ, ಹಾಡು, ಕುಣಿತಗಳಿಗೂ ಅಲ್ಲಿ ಎಡೆ ದೊರೆಯಿತು. ಕಾರಂತರು ಗೀತನಾಟಕಗಳನ್ನು ರಚಿಸಿದರು, ಕುಣಿತವನ್ನು ಕಲಿಸಿದರು, ತಾವೂ ಗೆಜ್ಜೆ ಕಟ್ಟಿದರು. ಗಂಡಸರು, ಅದರಲ್ಲೂ ಮೇಲ್ಜಾತಿಯ ಮನೆಯವರು, ಮಕ್ಕಳೊಡನೆ ಕುಣಿಯುವುದನ್ನು ಲಘುವಾಗಿ ಕಾಣುತ್ತಿದ್ದ ಕಾಲವದು. ಟೀಕೆಗಳು ಬಂದವು, ಅವರು ಅವನ್ನು ಲೆಕ್ಕಿಸಲಿಲ್ಲ.

ಚಿತ್ರಕಲೆಯ ಮೇಲಿನ ಆಸಕ್ತಿ ಆಗಲೇ ಗಟ್ಟಿಯಾಗಿತ್ತು. 1930ರಲ್ಲಿ ಅವರು ಭಾರತೀಯ ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಆ ವಿಷಯದಲ್ಲಿ ಕನ್ನಡ ಓದುಗನಿಗೆ ಕೈಗೆಟಕುವ ಬರವಣಿಗೆ ತೀರ ವಿರಳವಾಗಿದ್ದ ದಿನಗಳವು. ಅದೇ ಹೊತ್ತಿನಲ್ಲಿ ಡೊಮಿಂಗೊ ಮತ್ತು ಭೂತರಾಜ್ಯ ಎಂಬ ಮೂಕಚಿತ್ರಗಳ ಸಾಹಸಕ್ಕೂ ಕೈಹಾಕಿದರು. ಛಾಯಾಗ್ರಹಣ, ನಾಟಕ, ಚಿತ್ರರಚನೆ ಎಲ್ಲವೂ ಜೊತೆಜೊತೆಗೆ ಸಾಗಿದವು. 1933ರಲ್ಲಿ ಚೋಮನ ದುಡಿ ಹೊರಬಂದು ಕಾದಂಬರಿಕಾರರಾಗಿ ಹೆಸರು ನಿಂತರೂ ಈ ಉಳಿದ ಹುಚ್ಚುಗಳು ಕಡಿಮೆಯಾಗಲಿಲ್ಲ.

1936ರಲ್ಲಿ ಅವರು ಲೀಲಾ ಆಳ್ವ ಅವರನ್ನು ವಿವಾಹವಾದರು. ಬಂಟ ಸಮುದಾಯದ ಲೀಲಾ ಹಾಗೂ ಬ್ರಾಹ್ಮಣ ಮನೆತನದ ಕಾರಂತರ ಈ ಮದುವೆ ಆ ಕಾಲದ ಕರಾವಳಿಯಲ್ಲಿ ಸಣ್ಣ ಸುದ್ದಿಯಾಗಿರಲಿಲ್ಲ. ಮರಾಠಿಯಲ್ಲಿ ಶಿಕ್ಷಣ ಪಡೆದಿದ್ದ ಲೀಲಾ ಕನ್ನಡವನ್ನು ಕಲಿತು, ಪತಿಯ ನೃತ್ಯರೂಪಕಗಳಲ್ಲಿ ಹೆಜ್ಜೆ ಹಾಕಿದರು. ಮಕ್ಕಳ ಚಟುವಟಿಕೆಗಳಿಂದ ಗಿಜಿಗುಡುತ್ತಿದ್ದ ಮನೆಯ ಹೊರೆಯನ್ನು ಹೊತ್ತವರು ಅವರೇ. ಕಾರಂತರ ಪ್ರಯೋಗಗಳ ಲೆಕ್ಕ ಬರೆಯುವಾಗ ಲೀಲಾ ಕಾರಂತರ ಪಾಲನ್ನು ಬಿಟ್ಟರೆ ಆ ಲೆಕ್ಕ ತಪ್ಪುತ್ತದೆ.

ಬಾಲವನ

ಪುತ್ತೂರಿನ ಹೊರವಲಯದ ಪರ್ಲಡ್ಕದ ಗುಡ್ಡದ ಮೇಲೆ 1930ರ ದಶಕದಲ್ಲಿ ತಲೆಯೆತ್ತಿದ ತಾಣವೇ ಬಾಲವನ. ಅದು ಕಾರಂತರ ಮನೆಯೂ ಹೌದು, ಮಕ್ಕಳ ಪ್ರಯೋಗಶಾಲೆಯೂ ಹೌದು. ಮರಗಳ ನಡುವಿನ ಆ ಜಾಗದಲ್ಲಿ ಮಕ್ಕಳು ಆಡುತ್ತ, ಹಾಡುತ್ತ, ಅಭಿನಯಿಸುತ್ತ, ಚಿತ್ರ ಬರೆಯುತ್ತ ಕಲಿಯಬೇಕು ಎಂಬುದು ಆಶಯ. ಶಿಕ್ಷೆಯ ಹೆದರಿಕೆ, ಪರೀಕ್ಷೆಯ ಒತ್ತಡಗಳನ್ನು ದೂರವಿಟ್ಟು, ಮಗುವಿನ ಕುತೂಹಲವನ್ನೇ ಪಾಠದ ಆರಂಭಬಿಂದುವಾಗಿ ಮಾಡಿಕೊಳ್ಳುವ ವಿಧಾನ ಅಲ್ಲಿಯದು. ರಂಗಮಂದಿರವೊಂದನ್ನೂ ಅಲ್ಲಿ ಕಟ್ಟಲಾಯಿತು.

ಎಲೆಯ ಆಕಾರವನ್ನು ಕಲಿಯಬೇಕಾದ ಮಗು ಮೊದಲು ಎಲೆಯನ್ನು ಕೈಯಲ್ಲಿ ಹಿಡಿಯಬೇಕು ಎನ್ನುವಷ್ಟು ಸರಳವಾದ ವಿಚಾರ ಈ ಪದ್ಧತಿಯ ತಳಹದಿ. ಅದು ಸರಳವಾಗಿದ್ದರೂ ಆಗಿನ ಶಾಲಾ ವ್ಯವಸ್ಥೆಗೆ ಹೊಂದಿಕೆಯಾಗುವಂಥದ್ದಲ್ಲ. ತೇರ್ಗಡೆ, ಪ್ರಮಾಣಪತ್ರ, ಸರಕಾರಿ ಉದ್ಯೋಗ ಎಂಬ ಮೂರು ಮೆಟ್ಟಿಲುಗಳನ್ನು ಕಣ್ಣೆದುರು ಇಟ್ಟುಕೊಂಡ ಪೋಷಕರು ಮಕ್ಕಳನ್ನು ಹಬ್ಬದ ದಿನದ ನಾಟಕಕ್ಕೆ ಸಂತೋಷದಿಂದ ಕಳುಹಿಸುತ್ತಿದ್ದರು. ವರ್ಷವಿಡೀ ಬಣ್ಣ ಮತ್ತು ಆಟದಲ್ಲಿ ಕಳೆಯಲಿ ಎನ್ನುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಬಾಲವನ ನಿತ್ಯದ ಶಾಲೆಯಾಗಿ ದೀರ್ಘಕಾಲ ಬಾಳಲಿಲ್ಲ. ಒಬ್ಬ ವ್ಯಕ್ತಿಯ ದುಡಿಮೆಯ ಮೇಲೆ ನಿಂತ ಶಿಕ್ಷಣ ಪ್ರಯೋಗಕ್ಕೆ ಇರುವ ಮಿತಿ ಅದಕ್ಕೂ ಇತ್ತು. ಆದರೂ ಸೃಜನಶೀಲ ಚಟುವಟಿಕೆಯ ನೆಲೆಯಾಗಿ ಅದು ಕಾರಂತರ ಹೆಸರಿನೊಡನೆ ಶಾಶ್ವತವಾಗಿ ಬೆಸೆದುಕೊಂಡಿತು.

ಚಿತ್ರವಿಲ್ಲದ ಕಾಲದಲ್ಲಿ ಬಾಲಪ್ರಪಂಚ

ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಪಂಜೆ ಮಂಗೇಶರಾಯರಂಥವರು ಈ ಮೊದಲೇ ಭದ್ರ ಬುನಾದಿ ಹಾಕಿದ್ದರು. ಹಾಡು, ಕಥೆಗಳು ಇದ್ದವು. ಇಲ್ಲದಿದ್ದುದು ಜಗತ್ತನ್ನು ಚಿತ್ರಸಮೇತ ಮಗುವಿನ ಮುಂದೆ ತೆರೆದಿಡುವ ಪುಸ್ತಕ. ಇಂಗ್ಲಿಷಿನಲ್ಲಿ ಆರ್ಥರ್ ಮೀ ಸಂಪಾದಿಸಿದ ಮಕ್ಕಳ ವಿಶ್ವಕೋಶ 1908ರಿಂದಲೇ ಕಂತುಗಳಲ್ಲಿ ಹೊರಬರತೊಡಗಿತ್ತು. ಕನ್ನಡದ ಮಗುವಿಗೆ ಅಂಥದ್ದೇನೂ ಇರಲಿಲ್ಲ.

ಆ ಕೊರತೆಯನ್ನು ನೀಗಲು ಕಾರಂತರು ಕೈಗೊಂಡ ಸಾಹಸವೇ ಬಾಲಪ್ರಪಂಚ. ಮೂವತ್ತರ ದಶಕದಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದ ಈ ಕೃತಿ ಭೂಮಿ, ಆಕಾಶ, ಪ್ರಾಣಿ, ಸಸ್ಯ, ಯಂತ್ರ, ದೇಶವಿದೇಶಗಳ ಜನಜೀವನಗಳನ್ನು ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ವಿವರಿಸಿತು. ಒಂದು ಸಂಸ್ಥೆ, ಹತ್ತಾರು ವಿದ್ವಾಂಸರು ಸೇರಿ ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದರು. ಅನೇಕ ವಿಷಯಗಳಿಗೆ ಕನ್ನಡದಲ್ಲಿ ಪದಗಳೇ ಸಿದ್ಧವಿರಲಿಲ್ಲ, ಅವನ್ನೂ ಟಂಕಿಸಬೇಕಿತ್ತು.

ಇದರ ಮಹತ್ವ ತಿಳಿಯಲು ಆ ದಿನಗಳ ಭೂಪಟವನ್ನು ನೆನೆಯಬೇಕು. 1956ರ ಏಕೀಕರಣಕ್ಕೆ ಮುನ್ನ ಕನ್ನಡನಾಡು ಮದರಾಸು, ಮುಂಬಯಿ, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಪುತ್ತೂರಿನ ಲೇಖಕ ಮದರಾಸಿನ ಆಡಳಿತದಲ್ಲಿ. ಬಾಗಲಕೋಟೆ, ಬಾದಾಮಿ, ಹುನಗುಂದಗಳ ಶಾಲೆಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿ. ಪಠ್ಯಕ್ರಮ ಬೇರೆ, ಶಿಕ್ಷಣ ಇಲಾಖೆ ಬೇರೆ, ಪುಸ್ತಕದ ಮಾರುಕಟ್ಟೆಯೂ ಬೇರೆ. ಹೀಗಿರುವಾಗ ಎಲ್ಲ ಕನ್ನಡ ಮಕ್ಕಳಿಗೂ ಸಲ್ಲುವ ದೊಡ್ಡ ಪುಸ್ತಕವನ್ನು ಹೊರತರುವುದು ವ್ಯಾಪಾರದ ಲೆಕ್ಕದಲ್ಲಿ ಅವಿವೇಕವೇ ಆಗಿತ್ತು.

ಎಳೆಯ ಮಕ್ಕಳಿಗಾಗಿ ಅವರು ರಚಿಸಿದ ಇತರ ಪುಸ್ತಕಗಳಲ್ಲೂ ಇದೇ ಮನೋಧರ್ಮವಿದೆ. ಓದುವ ಆಟ ಎಂಬ ಹೆಸರೇ ಅವರ ಶಿಕ್ಷಣ ತತ್ತ್ವವನ್ನು ಹೇಳಿಬಿಡುತ್ತದೆ. ಅಕ್ಷರ ಕಲಿಕೆ ದಂಡನೆಯಾಗದೆ ಆಟವಾಗಬೇಕು. ಮಗು ಮೊದಲು ಚಿತ್ರವನ್ನು ಗುರುತಿಸಿ ಆಮೇಲೆ ಅಕ್ಷರದ ಕಡೆಗೆ ಬರಬೇಕು.

ಅಚ್ಚುಕೂಟದ ಸಾಹಸ

ಮೂವತ್ತು ಮತ್ತು ನಲವತ್ತರ ದಶಕಗಳಲ್ಲಿ ಕಾರಂತರು ಮುದ್ರಣ ಕಲೆಯಲ್ಲಿಯೂ ಪ್ರಯೋಗ ನಡೆಸಿದರು. ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯವನ್ನು ನಡೆಸಿ ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿಸಿದರು. ತಮ್ಮ ಪುಸ್ತಕಗಳಿಗೆ ತಾವೇ ಚಿತ್ರ ಬರೆದದ್ದೂ ಉಂಟು.

ಅಂದಿನ ಮುದ್ರಣವೆಂದರೆ ಕೈಕೆಲಸ. ಮರದ ಖಾನೆಗಳಿಂದ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು ಸಾಲು ಕಟ್ಟಬೇಕು. ಒತ್ತು, ಗುಣಿತ, ಕೊಂಬುಗಳಿಂದ ತುಂಬಿದ ಕನ್ನಡ ಲಿಪಿಗೆ ಇಂಗ್ಲಿಷಿಗಿಂತ ಹಲವು ಪಟ್ಟು ಮೊಳೆಗಳು ಬೇಕು. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಓದುವ ಅಭ್ಯಾಸ ಮೊಳೆ ಜೋಡಿಸುವವನಿಗೆ ಇರಬೇಕು. ಚಿತ್ರದ ಕೆಲಸ ಇದಕ್ಕಿಂತ ಕಷ್ಟದ್ದು. ಗೆರೆಚಿತ್ರವಾದರೆ ಸತುವಿನ ತಗಡಿನ ಮೇಲೆ ಆಮ್ಲದಿಂದ ಕೊರೆದ ಲೈನ್ ಬ್ಲಾಕ್, ಛಾಯಾಚಿತ್ರವಾದರೆ ಸಣ್ಣ ಚುಕ್ಕೆಗಳಿಂದ ರೂಪುಗೊಂಡ ಹಾಫ್‌ಟೋನ್ ಬ್ಲಾಕ್. ಅದನ್ನು ಮರದ ತುಂಡಿನ ಮೇಲೆ ಕೂರಿಸಿ, ಮೊಳೆಯ ಎತ್ತರಕ್ಕೆ ಸರಿಯಾಗಿ ಹೊಂದಿಸಿ, ಶಾಯಿ ಹಚ್ಚಿ ಒತ್ತಬೇಕು. ಬ್ಲಾಕಿನ ಖರ್ಚು ಚದರ ಇಂಚಿನ ಲೆಕ್ಕ. ಒಂದು ಪುಟಕ್ಕೆ ಒಂದು ಚಿತ್ರ ಸೇರಿಸಿದರೂ ಪುಸ್ತಕದ ಬೆಲೆ ಏರುತ್ತಿತ್ತು; ಬೆಲೆ ಏರಿದರೆ ಬಡವರ ಮಗುವಿಗೆ ಪುಸ್ತಕ ದಕ್ಕುತ್ತಿರಲಿಲ್ಲ.

ಈ ಇಕ್ಕಟ್ಟಿಗೆ ಲಾಭದಾಯಕ ಉತ್ತರ ಕಾರಂತರಿಗೆ ಸಿಗಲಿಲ್ಲ. ಅಚ್ಚುಕೂಟದ ಪ್ರಯೋಗ ಅವರಿಗೆ ಭಾರಿ ಹಣಕಾಸಿನ ನಷ್ಟವನ್ನು ತಂದಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ದೇಶದಾದ್ಯಂತ ಕಾಗದದ ಅಭಾವ ತಲೆದೋರಿ, ಸಣ್ಣ ಪ್ರಕಾಶಕರೆಲ್ಲ ತತ್ತರಿಸಿದ ಕಾಲವೂ ಅದೇ. ಆದರೆ ನಷ್ಟದ ಜೊತೆಗೆ ಇನ್ನೊಂದು ಗಳಿಕೆಯಿತ್ತು. ಲೇಖಕ, ಚಿತ್ರಕಾರ, ಮುದ್ರಕ, ಪ್ರಕಾಶಕ ಈ ನಾಲ್ವರೂ ಒಬ್ಬನೇ ಆದಾಗ ಪುಸ್ತಕವೆಂಬುದು ಹೇಗೆ ಹುಟ್ಟುತ್ತದೆ ಎಂಬ ಸಮಗ್ರ ತಿಳಿವಳಿಕೆ ಅವರಿಗೆ ಬಂತು. ಮುಂದಿನ ದೊಡ್ಡ ಕೃತಿಗಳ ಯೋಜನೆಯಲ್ಲಿ ಈ ಅನುಭವ ನೆರವಾಯಿತು.

ವಿಯೆನ್ನಾದಿಂದ ಶಾಂತಿನಿಕೇತನಕ್ಕೆ

ಕಾರಂತರ ಪ್ರಯತ್ನ ಒಂಟಿಯಾಗಿ ಕಂಡರೂ ಜಗತ್ತಿನ ಬೇರೆಡೆಗಳಲ್ಲಿ ಅದೇ ದಿಕ್ಕಿನ ಚಿಂತನೆ ನಡೆದಿತ್ತು. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಫ್ರಾಂಝ್ ಸಿಝೆಕ್ ಎಂಬ ಕಲಾವಿದ 1897ರಲ್ಲಿಯೇ ಮಕ್ಕಳಿಗಾಗಿ ಕಲಾತರಗತಿಯನ್ನು ತೆರೆದಿದ್ದ. ದೊಡ್ಡವರ ಚಿತ್ರಗಳನ್ನು ನಕಲು ಮಾಡಿಸುವ ಬದಲು ಮಕ್ಕಳು ತಮ್ಮ ಮನಸ್ಸಿನಿಂದಲೇ ರಚಿಸಲಿ ಎಂಬುದು ಅವನ ನಿಲುವು. ಕಾಗದ ಕತ್ತರಿಸುವುದು ಮತ್ತು ಲಿನೋಲಿಯಂ ಹಾಳೆಯನ್ನು ಕೊರೆದು ಅಚ್ಚು ತೆಗೆಯುವುದು ಅವನ ತರಗತಿಯ ಮುಖ್ಯ ಚಟುವಟಿಕೆಗಳಾಗಿದ್ದವು. ಮೊದಲ ಮಹಾಯುದ್ಧ ಮುಗಿದು ವಿಯೆನ್ನಾ ಹಸಿವಿನಿಂದ ಕಂಗೆಟ್ಟಿದ್ದಾಗ ಆ ಮಕ್ಕಳ ಕೃತಿಗಳು ಇಂಗ್ಲೆಂಡಿನಲ್ಲಿ ಪ್ರದರ್ಶನಗೊಂಡು, ಮಕ್ಕಳ ಪರಿಹಾರನಿಧಿಗೆ ನೆರವಾದವು. ಮಕ್ಕಳ ಕಲೆ ಎಂಬ ಮಾತು ಜಗತ್ತಿನ ಶಿಕ್ಷಕರ ಬಾಯಲ್ಲಿ ನಿಲ್ಲಲು ಸಿಝೆಕ್ ಕಾರಣ.

ಭಾರತದಲ್ಲಿ ಈ ಕಾರ್ಯದ ಕೇಂದ್ರ ಶಾಂತಿನಿಕೇತನ. 1930ರಲ್ಲಿ ರವೀಂದ್ರನಾಥ ಠಾಕೂರರು ಬಂಗಾಳಿ ಮಕ್ಕಳಿಗಾಗಿ ಸಹಜ ಪಾಠ ಎಂಬ ಪಠ್ಯವನ್ನು ಹೊರತಂದಾಗ ಅದಕ್ಕೆ ಚಿತ್ರ ಒದಗಿಸಿದವರು ನಂದಲಾಲ ಬೋಸ್. ದಪ್ಪ ಕಪ್ಪು, ಅಚ್ಚ ಬಿಳಿ, ಕೆಲವೇ ಗೆರೆಗಳು. ಅಗ್ಗದ ಕಾಗದದ ಮೇಲೂ ಸ್ಪಷ್ಟವಾಗಿ ಮೂಡುವ ಕೊರೆದ ಅಚ್ಚಿನ ಚಿತ್ರಗಳವು. ಬಡ ದೇಶದ ಮಗುವಿನ ಕೈಗೂ ಒಳ್ಳೆಯ ಕಲೆಯನ್ನು ತಲುಪಿಸಬಹುದು ಎಂಬುದಕ್ಕೆ ಆ ಪುಸ್ತಕ ನಿದರ್ಶನವಾಯಿತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣದ ಯೋಜನೆಯೂ ಕೈಕೆಲಸವನ್ನು ಕಲಿಕೆಯ ನಡುವೆ ತಂದು ನಿಲ್ಲಿಸಿತು. ಪುತ್ತೂರಿನ ಗುಡ್ಡದ ಮೇಲಿನ ಬಾಲವನವನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಿದರೆ ಅದರ ನಿಜವಾದ ಅಳತೆ ತಿಳಿಯುತ್ತದೆ. ಸಿಝೆಕ್‌ಗೆ ವಿಯೆನ್ನಾದ ಕಲಾಶಾಲೆಯ ಆಶ್ರಯವಿತ್ತು, ನಂದಲಾಲರ ಬೆನ್ನಿಗೆ ವಿಶ್ವಭಾರತಿ ಇತ್ತು. ಕಾರಂತರಿಗೆ ಅಂಥ ಸಂಸ್ಥೆಯ ಆಸರೆ ಇರಲಿಲ್ಲ.

ಅಚ್ಚಿನ ಆಟ ಕಲಿಸುವುದೇನು

ಎಳೆಯ ಮಕ್ಕಳ ಕಲಾಶಿಕ್ಷಣದಲ್ಲಿ ಅಚ್ಚಿನ ಚಟುವಟಿಕೆಗೆ ವಿಶೇಷ ಸ್ಥಾನವಿದೆ. ಕುಂಚ ಹಿಡಿದು ಗೆರೆ ಎಳೆಯಲು ಬೆರಳಿನ ಹಿಡಿತ ಬಲಿತಿರಬೇಕು. ಅಚ್ಚಿಗೆ ಅಷ್ಟು ಕಾಯಬೇಕಾಗಿಲ್ಲ. ಅಂಗೈಗೆ ಬಣ್ಣ ಹಚ್ಚಿ ಕಾಗದದ ಮೇಲೆ ಒತ್ತಿದರೆ ಮೂರು ವರ್ಷದ ಮಗುವಿಗೂ ಚಿತ್ರ ಮೂಡುತ್ತದೆ. ಅಡ್ಡ ಕೊಯ್ದ ಬೆಂಡೆಕಾಯಿ ಹೂವಾಗುತ್ತದೆ. ಹಾಗಲಕಾಯಿಯ ಬಿಲ್ಲೆ ಹಲ್ಲುಹಲ್ಲಿನ ಚಕ್ರವಾಗುತ್ತದೆ. ಅರಳಿ ಎಲೆಯ ಹಿಂಬದಿಗೆ ಬಣ್ಣ ಸವರಿ ಒತ್ತಿದರೆ ಅದರ ನರಗಳೆಲ್ಲ ಕಾಗದಕ್ಕೆ ಇಳಿಯುತ್ತವೆ. ತಾನು ಮಾಡಿದೆ ಎಂಬ ನಂಬಿಕೆ ಮಗುವಿಗೆ ಮೊದಲ ಒತ್ತಿನಲ್ಲಿಯೇ ಬರುತ್ತದೆ.

ಆರೇಳು ವರ್ಷದ ಹೊತ್ತಿಗೆ ಆಟ ಇನ್ನಷ್ಟು ಗಹನವಾಗುತ್ತದೆ. ಆಲೂಗಡ್ಡೆಯ ಹೋಳಿನಲ್ಲಿ ದೊಡ್ಡವರು ಕೊರೆದುಕೊಟ್ಟ ಆಕಾರವನ್ನು ಒತ್ತುವಾಗ, ತಗ್ಗಿದ ಭಾಗ ಬಿಳಿಯಾಗಿ ಉಳಿದು ಉಬ್ಬಿದ ಭಾಗಕ್ಕೆ ಮಾತ್ರ ಬಣ್ಣ ಹತ್ತುವುದನ್ನು ಮಗು ಗಮನಿಸುತ್ತದೆ. ಎಡ ಬಲವಾಗಿ, ಬಲ ಎಡವಾಗಿ ಮೂಡುವುದನ್ನು ಕಂಡು ಬೆರಗಾಗುತ್ತದೆ. ತನ್ನ ಹೆಸರಿನ ಅಕ್ಷರ ಎಡಬಲ ಅದಲುಬದಲಾಗಿ ಬಂದಾಗ, ಮುಂದಿನ ಸಲ ಅದನ್ನು ಹೇಗೆ ಕೊರೆಯಬೇಕೆಂದು ಮೊದಲೇ ಯೋಚಿಸುತ್ತದೆ. ಬಣ್ಣ ಹೆಚ್ಚಾದರೆ ಚಿತ್ರ ಕಲಸಿಹೋಗುತ್ತದೆ, ಕಡಿಮೆಯಾದರೆ ಮಸುಕಾಗುತ್ತದೆ; ಒತ್ತುವ ಬಲದ ಹದ ಕೈಗೆ ತಾನಾಗಿ ತಿಳಿಯುತ್ತದೆ. ಒಂದೇ ಅಚ್ಚನ್ನು ಸಾಲಾಗಿ ಒತ್ತಿದರೆ ಅಂಚು, ಸುತ್ತಲೂ ಒತ್ತಿದರೆ ಮಂಡಲ. ಗಣಿತದ ಸಮಮಿತಿ, ಕ್ರಮ, ಎಣಿಕೆಗಳು ಪಾಠದ ಹೆಸರಿಲ್ಲದೆಯೇ ಒಳಸೇರುತ್ತವೆ. ಕಲಿಕೆಯನ್ನು ಆಟವೆಂದು ಕರೆದ ಕಾರಂತರ ನಿಲುವಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಚಾಲುಕ್ಯರ ನಾಡಿನ ಬಂಡೆಗಳು

ಕಾರಂತರ ಕಲಾಧ್ಯಯನ ಕರಾವಳಿಗೆ ಸೀಮಿತವಾಗಿರಲಿಲ್ಲ. ಕಲಾಕ್ಷೇತ್ರಗಳನ್ನು ಸುತ್ತಿ ನೋಡಿ ಬರೆಯುವುದು ಅವರ ಬದುಕಿನುದ್ದಕ್ಕೂ ನಡೆದ ಕೆಲಸ. ಚಾಲುಕ್ಯರ ಶಿಲ್ಪಕಲೆಯ ಮೇಲೆ ಅವರು ಪ್ರತ್ಯೇಕ ಕೃತಿಯನ್ನೇ ರಚಿಸಿದರು. ಕರ್ನಾಟಕದ ಚಿತ್ರಕಲೆಯನ್ನೂ ಪರಿಚಯಿಸಿದರು. ಈ ಎರಡೂ ವಿಷಯಗಳ ದಾರಿ ಬಾದಾಮಿಗೆ ಬಂದು ಸೇರುತ್ತದೆ.

ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ಕೊರೆದ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಮಂಗಳೇಶ ಮಾಡಿಸಿದ ಆ ವಿಷ್ಣುಗೃಹದ ಮೇಲ್ಚಾಚಿನ ಒಳಭಾಗದಲ್ಲಿ ಮಾಸಿದ ವರ್ಣಚಿತ್ರಗಳ ಅವಶೇಷಗಳು ಉಳಿದಿವೆ. ದೇಶದ ದೇವಾಲಯ ಚಿತ್ರಕಲೆಯ ಅತ್ಯಂತ ಹಳೆಯ ಮಾದರಿಗಳಲ್ಲಿ ಅವು ಸೇರುತ್ತವೆ. ಅಲ್ಲಿನ ಬಂಡೆಗಳ ಮೇಲೆ ಶಿಲ್ಪಿಗಳು ತಮ್ಮ ಹೆಸರುಗಳನ್ನೂ ಕೊರೆದಿದ್ದಾರೆ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಗುಡಿಕಟ್ಟುವ ಪ್ರಯೋಗಗಳು ಸಾಲುಗಟ್ಟಿ ನಿಂತಿವೆ. ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವಿದೆ. ಆ ಸ್ಮಾರಕ ಸಮೂಹ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕಾರಂತರ ಕಲಾಬರವಣಿಗೆಯ ಗುಣವೆಂದರೆ ನೋಟಕ್ಕೆ ಕೊಡುವ ಪ್ರಾಮುಖ್ಯ. ರಾಜರ ವಂಶಾವಳಿಗಿಂತ ಕಲ್ಲಿನಲ್ಲಿ ಮೂಡಿದ ದೇಹದ ಬಾಗು, ಗೆರೆ, ಚಲನೆಗಳ ಕಡೆಗೆ ಅವರ ಗಮನ ಹೆಚ್ಚು. ಕುಣಿತವನ್ನು ಬಲ್ಲವರಾದ್ದರಿಂದ ಶಿಲ್ಪದ ಭಂಗಿಯನ್ನು ನರ್ತಕನ ಕಣ್ಣಿನಿಂದಲೂ, ಬಣ್ಣ ಬಳಸಿದವರಾದ್ದರಿಂದ ಚಿತ್ರವನ್ನು ಚಿತ್ರಕಾರನ ಕಣ್ಣಿನಿಂದಲೂ ನೋಡಬಲ್ಲವರಾಗಿದ್ದರು. ಮಕ್ಕಳಿಗೆ ಅವರು ಕಲಿಸಬಯಸಿದ್ದೂ ಈ ನೋಟವನ್ನೇ.

ನಂತರದ ದಶಕಗಳು

ನಲವತ್ತರ ದಶಕದ ಬಳಿಕ ಕಾರಂತರ ಕೀರ್ತಿ ಏರುತ್ತಲೇ ಹೋಯಿತು. 1955ರಲ್ಲಿ ಮೈಸೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಯಕ್ಷಗಾನ ಬಯಲಾಟದ ಅಧ್ಯಯನಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಭೂಷಣ, ಮೂಕಜ್ಜಿಯ ಕನಸುಗಳು ಕಾದಂಬರಿಗೆ 1977ರ ಜ್ಞಾನಪೀಠ. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಅವರು ಹಿಂದಿರುಗಿಸಿದರು.

ಈ ಗೌರವಗಳ ನಡುವೆಯೂ ಕಿರಿಯರಿಗಾಗಿ ಬರೆಯುವ ಕೆಲಸ ನಿಲ್ಲಲಿಲ್ಲ. 1959ರಿಂದ 1964ರ ಅವಧಿಯಲ್ಲಿ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳು ಬಂದವು. ಬಾಲಪ್ರಪಂಚವನ್ನು ಓದಿ ಬೆಳೆದ ತಲೆಮಾರಿಗೆ ಇದು ಮುಂದಿನ ಮೆಟ್ಟಿಲು. ಈ ಸಂಪುಟಗಳು ಹೊರಬರುತ್ತಿದ್ದ ವರ್ಷಗಳಲ್ಲಿಯೇ ಹಿರಿಯ ಮಗ ಹರ್ಷ ಅಕಾಲದಲ್ಲಿ ತೀರಿಕೊಂಡು ಮನೆಗೆ ಸಿಡಿಲು ಬಡಿಯಿತು. ಆ ದುಃಖವನ್ನು ನುಂಗಿಕೊಂಡು ಕೆಲಸ ಮುಂದುವರಿಯಿತು. ಮುಂದೆ ಅಮರ ಚಿತ್ರ ಕಥೆಯ ಕನ್ನಡ ಅನುವಾದಗಳಿಗೂ ಕಾರಂತರು ಲೇಖನಿ ಹಿಡಿದರು. ಜ್ಞಾನಪೀಠದ ಎತ್ತರಕ್ಕೇರಿದ ಲೇಖಕ ಚಿತ್ರಕಥೆಯ ಸಣ್ಣ ಚೌಕಟ್ಟಿನೊಳಗಿನ ಮಾತುಗಳನ್ನು ಬರೆಯುವುದನ್ನು ಕೀಳೆಂದು ಭಾವಿಸಲಿಲ್ಲ. ಬಣ್ಣದ ಚಿತ್ರವಿರುವ ಅಗ್ಗದ ಪುಸ್ತಕ ಪ್ರತಿ ಮಗುವಿನ ಕೈಸೇರಬೇಕೆಂಬ ಮೂವತ್ತರ ದಶಕದ ಕನಸು, ಮುದ್ರಣ ತಂತ್ರಜ್ಞಾನ ಬೆಳೆದ ಮೇಲೆ ಹೀಗೆ ಬೇರೆ ದಾರಿಯಲ್ಲಿ ನೆರವೇರಿತು.

ಎಪ್ಪತ್ತರ ದಶಕದಲ್ಲಿ ಅವರು ಪುತ್ತೂರನ್ನು ತೊರೆದು ಹುಟ್ಟೂರಿನ ಸಮೀಪದ ಸಾಲಿಗ್ರಾಮದಲ್ಲಿ ನೆಲೆಸಿದರು. ಯಕ್ಷಗಾನದ ಹೊಸ ಪ್ರಯೋಗಗಳು, ಪರಿಸರ ಚಳವಳಿ, ಕೈಗಾ ಅಣುಸ್ಥಾವರದ ವಿರುದ್ಧದ ಹೋರಾಟಗಳು ಇಳಿವಯಸ್ಸಿನ ವರ್ಷಗಳನ್ನು ತುಂಬಿದವು. 1989ರಲ್ಲಿ ಪರಿಸರದ ಪ್ರಶ್ನೆಯನ್ನು ಮುಂದಿಟ್ಟು ಲೋಕಸಭಾ ಚುನಾವಣೆಗೂ ನಿಂತು ಸೋತರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕೊನೆಯುಸಿರೆಳೆದಾಗ ಅವರಿಗೆ 95 ವರ್ಷ. ನಲವತ್ತಕ್ಕೂ ಹೆಚ್ಚು ಕಾದಂಬರಿಗಳು, ನಾಟಕಗಳು, ನಿಘಂಟು, ವಿಶ್ವಕೋಶಗಳು, ಕಲಾಗ್ರಂಥಗಳು, ಮಕ್ಕಳ ಪುಸ್ತಕಗಳ ದೊಡ್ಡ ರಾಶಿ ಅವರ ಹಿಂದೆ ಉಳಿಯಿತು.

ಉಳಿದ ಕೆಲಸ

ಬಾಲವನ ಇಂದು ರಾಜ್ಯ ಸರಕಾರದ ಸುಪರ್ದಿಯಲ್ಲಿದೆ. ಕಾರಂತರ ಮನೆ, ರಂಗಮಂದಿರಗಳನ್ನು ಉಳಿಸಿಕೊಳ್ಳಲಾಗಿದೆ. ಮಕ್ಕಳ ಶಿಬಿರಗಳು, ಸಾಂಸ್ಕೃತಿಕ ಕಾರ್ಯಕ್ರಮಗಳು ಅಲ್ಲಿ ನಡೆಯುತ್ತವೆ. ಆದರೆ ಒಂದು ಸ್ಮಾರಕವನ್ನು ಕಾಪಾಡುವುದಕ್ಕೂ ಅದರ ಹಿಂದಿನ ವಿಚಾರವನ್ನು ಪಾಲಿಸುವುದಕ್ಕೂ ಅಂತರವಿದೆ. ಚಿತ್ರಕಲೆಯ ಅವಧಿ ಎಷ್ಟೋ ಶಾಲೆಗಳಲ್ಲಿ ಗಣಿತ, ವಿಜ್ಞಾನಗಳ ಹೆಚ್ಚುವರಿ ತರಗತಿಗೆ ಬಲಿಯಾಗುತ್ತದೆ. ಚಿತ್ರ ಬರೆಯಿಸಿದರೂ ಕರಿಹಲಗೆಯ ಮೇಲಿನ ಮಾವಿನಹಣ್ಣು, ಮನೆ, ಬೆಟ್ಟದ ನಡುವಿನ ಸೂರ್ಯನ ನಕಲೇ ಹೆಚ್ಚು.

ಕಾರಂತರು ನಿಧನರಾದ 1997ರಲ್ಲಿಯೇ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಮಕ್ಕಳ ಕಲಾಶಿಕ್ಷಣಕ್ಕೆ ಬೇಕಾದ ಸಾಮಗ್ರಿ ಈ ಜಿಲ್ಲೆಯಲ್ಲಿ ಹೇರಳವಾಗಿದೆ. ಇಳಕಲ್ಲಿನ ಮಗ್ಗದಲ್ಲಿ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುವ ಕೌಶಲ, ಗುಳೇದಗುಡ್ಡದ ಖಣದ ಮೇಲೆ ಮರುಕಳಿಸುವ ಸಣ್ಣ ವಿನ್ಯಾಸ, ಎಳೆ ಎಣಿಸಿ ಹಾಕುವ ಕಸೂತಿ, ಗೌರಿಹುಣ್ಣಿಮೆಗೆ ಮರದ ಅಚ್ಚಿನಲ್ಲಿ ಪಾಕ ಹೊಯ್ದು ತೆಗೆಯುವ ಸಕ್ಕರೆ ಆರತಿಯ ಗೊಂಬೆಗಳು, ಹೊಸ್ತಿಲ ಮುಂದಿನ ರಂಗೋಲಿ ಎಲ್ಲವೂ ಆಕಾರ, ಪುನರಾವರ್ತನೆ ಮತ್ತು ಅಳತೆಯ ಪಾಠಗಳು. ಕುಟುಂಬದ ಮಗ್ಗದ ಸದ್ದಿನಲ್ಲಿ ಬೆಳೆದ ಮಗು ತರಗತಿಗೆ ಬರುವ ಮೊದಲೇ ಅಂಚು ಮತ್ತು ಒಡಲಿನ ವ್ಯತ್ಯಾಸವನ್ನು ಬಲ್ಲದು. ಆ ಅರಿವನ್ನು ಶಾಲೆ ಗುರುತಿಸಿದರೆ ಒಂದು ಎಲೆ, ಒಂದು ತುಂಡು ತರಕಾರಿ, ಅರಿಸಿನ ಕುಂಕುಮದ ಬಣ್ಣ, ಹಳೆಯ ಪತ್ರಿಕೆಯ ಹಾಳೆ ಇಷ್ಟರಿಂದಲೇ ಕಲಾತರಗತಿ ಆರಂಭವಾಗಬಹುದು. ಅದಕ್ಕೆ ಅನುದಾನಕ್ಕಿಂತ ಹೆಚ್ಚಾಗಿ ಸಮಯ ಬೇಕು, ಮಗುವಿನ ಕೈ ಕೊಳೆಯಾಗಲು ಬಿಡುವ ಮನಸ್ಸು ಬೇಕು.

ಅಚ್ಚುಕೂಟದಲ್ಲಿ ಕಾರಂತರು ಹಣ ಕಳೆದುಕೊಂಡರು. ಬಾಲವನದ ಶಾಲೆಯೂ ಅವರು ಬಯಸಿದಷ್ಟು ಕಾಲ ನಡೆಯಲಿಲ್ಲ. ಆದರೂ ಚಿತ್ರಗಳ ಮೂಲಕ ಜಗತ್ತನ್ನು ಕನ್ನಡದಲ್ಲಿ ಕಾಣುವ ಅವಕಾಶ ಹಲವು ತಲೆಮಾರಿನ ಮಕ್ಕಳಿಗೆ ದೊರೆಯಿತು. ಆ ಅವಕಾಶವನ್ನು ನೋಡುವುದರಿಂದ ಮಾಡುವುದರ ಕಡೆಗೆ ವಿಸ್ತರಿಸುವ ಹೊಣೆ ಇಂದಿನ ಶಾಲೆಗಳ ಮೇಲಿದೆ.